ಇಲ್ಲದ ದಿಂಬು

ಮಾರ್ಚ್ ೧೧

ಮಗಳೇ,

ಸ್ವೆಟರಿನ ಅಂಚು ಬಿಚ್ಚಿ ಇದನ್ನು ತೆಗೆದಿದ್ದೀಯ ಎಂದರೆ ನಾನು ಹಾಕಿದ ಕೆಂಪು ದಾರದ ಗುರುತು ನಿನಗೆ ಹೊಳೆಯಿತು. ಓದಿ, ಹರಿದು, ಕಕ್ಕಸಿಗೆ ಹಾಕು. ಇನ್ನು ಮುಂದೆ ನಮ್ಮ ಕಾಗದಗಳನ್ನೆಲ್ಲ ಆ ಸುಧಾರಣಾ ಗೃಹದವರು ಓದಿ, ಮೊಹರು ಒತ್ತಿ, ಆಮೇಲೆ ಕೊಡುತ್ತಾರಂತೆ. ಹಾಗಾಗಿ ಬಿಡಿಸಿ ಹೇಳುವುದೇನಿದ್ದರೂ ಇದೊಂದರಲ್ಲೇ.

ಬೇಕರಿಯ ವ್ಯಾನ್ ಓಡಿಸುತ್ತಿದ್ದದ್ದು ನೀನು. ನಿನ್ನ ಅಣ್ಣ ಪಕ್ಕದಲ್ಲಿ ಕೂತಿದ್ದ. ಪೊಲೀಸರಿಗೆ ಹೇಳಿದ್ದನ್ನೇ ಎಲ್ಲ ಕಡೆಯೂ ಹೇಳು. ಎಲ್ಲಿ ಕಲಿತೆ ಎಂದು ಕೇಳಿದರೆ, ಹಳೆಯ ಗೋದಾಮಿನ ಹಿಂದಿನ ಬಯಲಿನಲ್ಲಿ ಅಣ್ಣ ಕಲಿಸಿದ ಎನ್ನು. ಎಡಗಾಲಿಗೆ ಕ್ಲಚ್ಚು, ನಡುವಿನದು ಬ್ರೇಕು, ಬಲತುದಿಯದು ಆಕ್ಸಿಲರೇಟರು. ಗೇರು ಬದಲಿಸುವಾಗ ಕ್ಲಚ್ಚನ್ನು ಪೂರ್ತಿ ಒತ್ತಿ ನಿಧಾನವಾಗಿ ಬಿಡಬೇಕು. ಅಣ್ಣನ ಹತ್ತಿರ ಕೇಳಿ ಬರೆಯುತ್ತಿದ್ದೇನೆ, ಬಾಯಿಪಾಠ ಮಾಡಿಕೋ. ಆ ಸೀಟು ಅವನ ಉದ್ದಕ್ಕೆ ಹಿಂದೆ ಸರಿಸಿದ್ದು. ಕುಳ್ಳಿ, ನಿನ್ನ ಕಾಲು ಹೇಗೆ ಎಟುಕಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬೆನ್ನಿಗೆ ದಿಂಬು ಇಟ್ಟುಕೊಂಡಿದ್ದೆ ಎನ್ನು. ಯಾವ ದಿಂಬು ಎಂದರೆ ನೀಲಿ ಗೆರೆಯದು, ನಮ್ಮ ಬೆಂಚಿನ ಮೇಲೆ ಇರುವುದು.

ಕೋಪ ಬಂದಿರುತ್ತದೆ ನಿನಗೆ. ಕೋಪವನ್ನು ಮೂಗಿನ ತುದಿಯಲ್ಲಿ ಇಟ್ಟುಕೊಂಡೇ ಹುಟ್ಟಿದವಳು ನೀನು. ಆದರೆ ಲೆಕ್ಕ ಹಾಕಿ ನೋಡು. ಸೈಕಲ್ಲಿನವನಿಗೆ ಗುದ್ದಿ, ನಿಲ್ಲಿಸದೆ ಬಂದದ್ದು ನಿನ್ನ ಅಣ್ಣ ಎಂದರೆ ಅವನು ವರ್ಷಗಟ್ಟಲೆ ಒಳಗೆ. ನಿನ್ನ ಅತ್ತಿಗೆ ತುಂಬಿದ ಬಸುರಿ. ನಿನಗೆ ಹದಿನಾರು. ವಕೀಲರು ನನ್ನೆದುರೇ ಹೇಳಿದರು, "ಚಿಕ್ಕವರನ್ನ ಕಾನೂನು ಮುದ್ದು ಮಾಡುತ್ತಮ್ಮ. ನಾಲ್ಕು ಬುದ್ಧಿಮಾತು ಹೇಳಿ ಮನೆಗೆ ಕಳಿಸ್ತಾರೆ." ಶಾಲೆ ಶುರುವಾಗುವ ಹೊತ್ತಿಗೆ ನೀನು ಮನೆಯಲ್ಲಿರುತ್ತೀಯ. ಅತ್ತಿಗೆಗೂ ನಿಜ ಹೇಳಿಲ್ಲ. ಅವಳ ಪಾಲಿಗೂ ಓಡಿಸಿದ್ದು ನೀನೇ.

ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಗಂಡುಮಗ ಎಂದು ತಿಳಿದೇ ಈ ಭಾರ ಹೊರಿಸಿದ್ದೇನೆ.

ಅಮ್ಮ


ಮಾರ್ಚ್ ೨೬

ಅಮ್ಮ,

ನಾನು ಕ್ಷೇಮ. ಇಲ್ಲಿ ಕಪ್ಪು ಹಲಗೆಯ ಮೇಲೆ ಮಾದರಿ ಕಾಗದ ಬರೆದಿಟ್ಟಿದ್ದಾರೆ, ಅದರ ಮೊದಲ ಸಾಲು ಇದು. ಎರಡನೆಯದು, ನನ್ನ ತಪ್ಪಿನ ಅರಿವು ನನಗಾಗಿದೆ. ಅದನ್ನೂ ಬರೆದಿದ್ದೇನೆ ಎಂದುಕೋ. ಮೂರನೆಯ ಸಾಲನ್ನು ಖಾಲಿ ಬಿಟ್ಟಿದ್ದಾರೆ, ನಾವು ಮನಸ್ಸಿನಲ್ಲಿರುವುದನ್ನು ಬರೆಯಲೆಂದು. ನನ್ನ ಮನಸ್ಸಿನಲ್ಲಿರುವುದಕ್ಕೆ ಆ ಹಲಗೆ ಸಾಲುವುದಿಲ್ಲ.

ಸ್ವೆಟರ್ ಸಿಕ್ಕಿತು. ಅಂಚು ಬಿಚ್ಚಿಹೋಗಿತ್ತು, ಮತ್ತೆ ಹೊಲಿದುಕೊಂಡೆ. ನೀನು ಹೇಳಿಕೊಟ್ಟ ಪಾಠ ನೀರು ಕುಡಿದಷ್ಟು ಸಲೀಸಾಗಿದೆ. ಇನ್ನೂ ಯಾರೂ ಒಪ್ಪಿಸು ಎಂದಿಲ್ಲ.

ನಾವು ಮಲಗುವುದು ಉದ್ದನೆಯ ಕೋಣೆಯಲ್ಲಿ. ಕಿಟಕಿಗಳು ಎಷ್ಟು ಎತ್ತರದಲ್ಲಿವೆ ಎಂದರೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ, ಅದೂ ತುಂಡು ತುಂಡು. ಬೆಳಿಗ್ಗೆ ಹೊಲಿಗೆ, ಮಧ್ಯಾಹ್ನ ನೀತಿಪಾಠ. ಗೋಡೆಯ ಆಚೆಗಿನ ಹುಡುಗರ ಗೃಹದಲ್ಲಿ ಮೋಟಾರು ರಿಪೇರಿ ಕಲಿಸುತ್ತಾರಂತೆ. ನನ್ನನ್ನೂ ಅಲ್ಲಿಗೆ ಹಾಕಿ ಎಂದೆ. ವಾರ್ಡನ್ನಮ್ಮ ನಕ್ಕು, "ಗಾಡಿ ಸಹವಾಸ ನಿನಗೆ ಇನ್ನೂ ಸಾಕಾಗಲಿಲ್ವಾ?" ಎಂದಳು.

ನನಗೆ ಹದಿನಾರು ಎಂದರೆ ನಂಬಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು, ಬಾಯಿ ತೆರೆಸಿ ಹಲ್ಲು ನೋಡಿದರು. ಕೊನೆಗೆ ಹದಿನಾರೇ ಎಂದು ಮೂಳೆ ಹೇಳಿತಂತೆ. ನಾನು ನಿಜ ಹೇಳಿದರೆ ಸಾಕ್ಷಿಗೆ ಮೂಳೆ ಬೇಕು. ಉಳಿದದ್ದನ್ನೆಲ್ಲ ಬಾಯಿಮಾತಿನಲ್ಲೇ ನಂಬಿಬಿಟ್ಟರು.

ವಾರಕ್ಕೊಮ್ಮೆ ಸಲಹೆಗಾರ್ತಿ ಬರುತ್ತಾಳೆ. ನಮ್ಮ ಮನಸ್ಸು ನೋಡುವುದು ಅವಳ ಕೆಲಸ. ಒಂದು ರಟ್ಟಿನ ಮೇಲೆ ಬಣ್ಣಬಣ್ಣದ ಮುಖಗಳಿವೆ: ನಗುವುದು, ಅಳುವುದು, ಹೆದರಿದ್ದು, ಸಿಟ್ಟಾಗಿದ್ದು. ಇವತ್ತು ನೀನು ಯಾವ ಮುಖ ಎಂದು ಕೇಳುತ್ತಾಳೆ. ನಾನು ಕೆಂಪು ಮುಖ ತೋರಿಸುತ್ತೇನೆ. ಕಳೆದ ವಾರವೂ ಅದೇ ತೋರಿಸಿದ್ದೆ.

ಅಣ್ಣ ಹೇಗಿದ್ದಾನೆ? ಒಂದು ಸಾಲು ಬರೆಯಲು ಹೇಳು. ಮತ್ತೆ ಆ ಸೈಕಲ್ಲಿನವರು ಹೇಗಿದ್ದಾರೆ?

ನಿನ್ನ ಮಗಳು


ಏಪ್ರಿಲ್ ೨೦

ಮಗಳೇ,

ನಿನ್ನ ಕಾಗದ ನೋಡಿ ಸಮಾಧಾನವೂ ಆಯಿತು, ಭಯವೂ ಆಯಿತು. ಸ್ವಲ್ಪ ಮೆತ್ತಗೆ ಬರೆ. ಓದುವವರಿಗೆ ಒಳ್ಳೆಯ ಅಭಿಪ್ರಾಯ ಬರಲಿ.

ಅಣ್ಣನಿಗೆ ಬಿಡುವೇ ಇಲ್ಲ. ಬೇಕರಿಯವರು ಅವನಿಗೆ ಬೇರೆ ವ್ಯಾನ್ ಕೊಟ್ಟಿದ್ದಾರೆ. ನಿನ್ನನ್ನು ತುಂಬಾ ಕೇಳಿದ. ಧೈರ್ಯವಾಗಿರು, ನಿನ್ನ ಉಪಕಾರವನ್ನು ಜನ್ಮದಲ್ಲಿ ಮರೆಯುವುದಿಲ್ಲ ಎಂದು ಬರೆಯಲು ಹೇಳಿದ.

ಆ ಮನುಷ್ಯ ಉದ್ಯಾನದ ಮಾಲಿ. ನಮ್ಮ ಆಸ್ಪತ್ರೆಯಲ್ಲೇ ಇದ್ದಾನೆ. ಅವನ ವಾರ್ಡಿನ ಹಾಸಿಗೆಬಟ್ಟೆಗಳು ನಮ್ಮ ಲಾಂಡ್ರಿಗೇ ಬರುತ್ತವೆ. ಯಾವುದು ಅವನ ಹಾಸಿಗೆಯದು ಎಂದು ಗೊತ್ತಾಗುವುದಿಲ್ಲ, ಎಲ್ಲವೂ ಒಂದೇ ಬಿಳಿ. ಆದರೂ ಇಸ್ತ್ರಿ ಮಾಡುವಾಗ ಪ್ರತಿಯೊಂದೂ ಅವನದೇ ಅನಿಸುತ್ತದೆ. ಮೊನ್ನೆ ನಾನೇ ಬಟ್ಟೆಯ ಗಾಡಿ ತಳ್ಳಿಕೊಂಡು ಮೇಲೆ ಹೋದೆ. ಅವನ ಹೆಂಡತಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು. ಚಳಿ ಎಂದಳು, ಒಂದು ಕಂಬಳಿ ಹೆಚ್ಚಿಗೆ ಕೊಟ್ಟೆ. ನನ್ನ ಕೈ ಹಿಡಿದುಕೊಂಡು, "ನಿಮ್ಮಂಥೋರು ಇರೋದಕ್ಕೇ ಬದುಕಿದೀವಮ್ಮ" ಎಂದಳು. ಆಮೇಲೆ ನಾನು ಆ ಮಹಡಿಗೆ ಹೋಗಿಲ್ಲ.

ನೀನು ಕೆಂಪು ಮುಖ ತೋರಿಸಬೇಡ. ಅಳುವ ಮುಖ ತೋರಿಸು.

ಅಮ್ಮ


ಮೇ ೧೮

ಅಮ್ಮ,

ಮಾಲಿ ತೀರಿಕೊಂಡರಂತೆ. ಈ ತಿಂಗಳ ಮೊದಲ ವಾರದಲ್ಲೇ ಹೋದರಂತೆ. ನನಗೆ ಹೇಳಿದ್ದು ಸಲಹೆಗಾರ್ತಿ, ನೀನಲ್ಲ. ಹೇಳಿ, ನನ್ನ ಮುಖವನ್ನೇ ನೋಡುತ್ತಾ ಪೆನ್ನು ಹಿಡಿದು ಕೂತಳು. ನಾನು ಆ ಪೆನ್ನಿನ ತುದಿಯನ್ನೇ ನೋಡುತ್ತಾ ಕೂತೆ. ಅವಳು ಏನೋ ಬರೆದುಕೊಂಡಳು.

ಆಮೇಲೆ, ಆ ಬೆಳಿಗ್ಗೆ ನಡೆದದ್ದನ್ನು ಕಣ್ಣು ಮುಚ್ಚಿಕೊಂಡು ಹೇಳು ಎಂದಳು. ಹೇಳಿದೆ. ತಿರುವು ಬಂತು, ಸೈಕಲ್ಲು ಬಂತು, ಸದ್ದು ಬಂತು. "ನಿಲ್ಸು ಅಂದೆ" ಎಂದೆ. ಬಾಯಿಂದ ಹೊರಟುಹೋಯಿತು. ಅವಳು ಕತ್ತೆತ್ತಿ ನೋಡಿ, "ಯಾರಿಗೆ ಅಂದೆ?" ಎಂದಳು.

"ನನಗೇ" ಎಂದೆ.

ಅದನ್ನೂ ಬರೆದುಕೊಂಡಳು. ಕಳ್ಳ ಬಾಗಿಲಲ್ಲೇ ನಿಂತಿದ್ದ ಹಾಗಿತ್ತು. ಅವಳು ಬಾಗಿಲು ತೆರೆದು, ನೋಡಿ, ಮತ್ತೆ ಮುಚ್ಚಿದಳು.

ಕಳೆದ ವಾರ ಮಂಡಳಿಯ ಮುಂದೆ ಕರೆದುಕೊಂಡು ಹೋಗಿದ್ದರು. ಮಕ್ಕಳ ತಪ್ಪುಗಳನ್ನು ವಿಚಾರಿಸುವ ಮೂರು ಜನ ಅವರು. ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಬಿಳಿ ಶೂ ಹಾಕಿದ್ದ ಹುಡುಗಿಯೊಬ್ಬಳು ಕೂತಿದ್ದಳು, ನನ್ನದೇ ವಯಸ್ಸು. ಅಪ್ಪನ ಕಾರು ತೆಗೆದುಕೊಂಡು ಹೋಗಿ ಔಷಧಿ ಅಂಗಡಿಗೆ ನುಗ್ಗಿಸಿದ್ದಳಂತೆ, ಇಬ್ಬರಿಗೆ ಕಾಲು ಮುರಿದಿದೆ. ಅವಳ ಆಚೆ ಅಪ್ಪ, ಈಚೆ ವಕೀಲ, ಹಿಂದೆ ಇನ್ನೊಬ್ಬ ವಕೀಲ. ಒಳಗೆ ಹೋದವಳು ನಾನು ನೀರು ಕುಡಿದು ಬರುವಷ್ಟರಲ್ಲಿ ಹೊರಗೆ ಬಂದಳು. ಒಂದು ವಾರ ಶಾಲೆಯ ಮಕ್ಕಳಿಗೆ ರಸ್ತೆ ದಾಟಿಸಬೇಕಂತೆ, ಅದೇ ಶಿಕ್ಷೆ. ನಾಲ್ಕು ಬುದ್ಧಿಮಾತು ಹೇಳಿ ಮನೆಗೆ ಕಳಿಸುವುದು ಸುಳ್ಳಲ್ಲ ಅಮ್ಮ, ನಿನ್ನ ವಕೀಲರು ನಿಜವನ್ನೇ ಹೇಳಿದ್ದಾರೆ. ಯಾರ ಮನೆಗೆ ಎಂದು ಹೇಳಲಿಲ್ಲ ಅಷ್ಟೆ. ಅಂದಹಾಗೆ ಆ ವಕೀಲರು ಎಲ್ಲಿ? ನನ್ನ ಪಕ್ಕದಲ್ಲಿ ಇದ್ದದ್ದು ವಾರ್ಡನ್ನಮ್ಮನ ಕೈಚೀಲ.

ಈಗ ಸಾವಿನ ಕೇಸಂತೆ. ಹದಿನಾರು ದಾಟಿದವರು ಇಂಥ ತಪ್ಪು ಮಾಡಿದರೆ ಅವರ ಬುದ್ಧಿ ಬಲಿತಿದೆಯೇ ಎಂದು ನೋಡುತ್ತಾರಂತೆ. ಬಲಿತಿದೆ ಎಂದಾದರೆ ದೊಡ್ಡವರ ಕೋರ್ಟಿಗೆ, ಅಲ್ಲಿಂದ ದೊಡ್ಡವರ ಜೈಲಿಗೆ. ಅದನ್ನು ಸಲಹೆಗಾರ್ತಿ ಅಳೆದು ಹೇಳುತ್ತಾಳೆ.

ನಿನ್ನ ಪಾಠವನ್ನು ಮಂಡಳಿಯವರೂ ಕೇಳಲಿಲ್ಲ.

ಅಣ್ಣ ಹೇಳಿದ್ದು ಎಂದು ಬರೆದಿದ್ದೀಯಲ್ಲ, 'ಜನ್ಮದಲ್ಲಿ ಮರೆಯುವುದಿಲ್ಲ' ಎಂದು. ಅವನು ಹಾಗೆಲ್ಲ ಮಾತಾಡುವುದಿಲ್ಲ. ಅವನ ಮಾತೆಂದರೆ ಹೂಂ, ಊಹೂಂ, ಬಡಿಸು. ಅವನ ಕೈಬರಹ ಕಳಿಸು.

ಮಗಳು


ಜೂನ್ ೩೦

ಮಗಳೇ,

ತಡವಾಯಿತು. ಬರೆಯಲು ಕೂತರೆ ಕೈ ಏಳುವುದಿಲ್ಲ.

ಮಾಲಿ ಹೋದ ದಿನ ಅವನ ಹಾಸಿಗೆಬಟ್ಟೆ ಬೇರೆ ಚೀಲದಲ್ಲಿ ಬಂತು. ಸತ್ತವರದನ್ನು ಬೇರೆಯೇ ಕಳಿಸುತ್ತಾರೆ, ಬಿಸಿನೀರಿನಲ್ಲಿ ಎರಡು ಸಲ ಒಗೆಯಬೇಕು. ಆವತ್ತು ಗೊತ್ತಾಯಿತು ಯಾವುದು ಅವನದು ಎಂದು. ನಾನು ಕೊಟ್ಟ ಕಂಬಳಿಯೂ ಅದರಲ್ಲಿತ್ತು. ಇದನ್ನು ನಿನಗೆ ಹೇಗೆ ಬರೆಯಲಿ? ಬರೆದಿದ್ದರೆ ನೀನು ಅಲ್ಲಿ ಒಬ್ಬಳೇ ಏನು ಮಾಡುತ್ತಿದ್ದೆ?

ನಿನಗೆ ಸೋದರಸೊಸೆ ಹುಟ್ಟಿದ್ದಾಳೆ. ಮೂಗು ನಿನ್ನದೇ, ಸಿಟ್ಟೂ ನಿನ್ನದೇ, ಹಾಲು ಒಂದು ಗಳಿಗೆ ತಡವಾದರೆ ಬೀದಿಯೆಲ್ಲ ಒಂದು ಮಾಡುತ್ತಾಳೆ. ಅಣ್ಣ ಅವಳನ್ನು ಎತ್ತಿಕೊಂಡೇ ಇರುತ್ತಾನೆ. ಊಟಕ್ಕೆ ಕೂತರೆ ತಟ್ಟೆ ಹಾಗೇ ಇರುತ್ತದೆ. ಅವನಿಗೇನೂ ಅನಿಸುವುದಿಲ್ಲ ಎಂದು ತಿಳಿಯಬೇಡ.

ವಕೀಲರು ಫೋನು ಎತ್ತುವುದನ್ನು ಬಿಟ್ಟಿದ್ದಾರೆ. ಅವರ ಆಫೀಸಿನ ಮೆಟ್ಟಿಲ ಮೇಲೆ ಒಂದು ಮಧ್ಯಾಹ್ನವೆಲ್ಲ ಕೂತೆ. ಕೊನೆಗೆ ಹೊರಗೆ ಬಂದು, "ಅವನು ಸಾಯ್ತಾನೆ ಅಂತ ನನಗೇನು ಕನಸು ಬಿದ್ದಿತ್ತಾ?" ಎಂದು ಕೇಳಿ ಕಾರು ಹತ್ತಿ ಹೋದರು.

ನನ್ನ ಮಾತು ಕೇಳು. ಆ ಸಲಹೆಗಾರ್ತಿಯ ಮುಂದೆ ಒಂದು ಸಲ ಅಳು. ನೀನು ಚಿಕ್ಕಂದಿನಿಂದಲೂ ಅಳುವವಳಲ್ಲ, ಬಿದ್ದು ಮಂಡಿ ಒಡೆದುಕೊಂಡರೂ ನೆಲಕ್ಕೆ ಬೈಯುತ್ತಿದ್ದವಳು. ಆದರೂ ಅಳು. ಚಿಕ್ಕ ಹುಡುಗಿಯ ಹಾಗೆ ಅಳು. ನಿನ್ನ ಕಾಲು ಹಿಡಿದು ಕೇಳುತ್ತೇನೆ ಮಗಳೇ.

ಅಮ್ಮ


ಜುಲೈ ೨೪

ಅಮ್ಮ,

ಅತ್ತೆ. ಸಲಹೆಗಾರ್ತಿಯ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಮಾಲಿಯ ಹೆಂಡತಿ ನಿನ್ನ ಕೈ ಹಿಡಿದುಕೊಂಡದ್ದನ್ನು ನೆನೆಸಿಕೊಂಡೆ, ಕಷ್ಟವಾಗಲಿಲ್ಲ. ಅವಳು ಒಂದು ಕಾಗದದ ಕರವಸ್ತ್ರ ಕೊಟ್ಟಳು. ಅಳುವ ಮುಖವನ್ನೂ ತೋರಿಸಿದೆ.

ಇವತ್ತು ಅವಳ ವರದಿಯನ್ನು ಓದಿ ಹೇಳಿದರು, ಹಾಗೆ ಓದಿ ಹೇಳುವುದು ನಿಯಮವಂತೆ. ನನಗೆ ನೆನಪಿರುವಷ್ಟು ಬರೆಯುತ್ತೇನೆ. ಹುಡುಗಿ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸುತ್ತಾಳೆ, ವಯಸ್ಸಿಗೆ ಮೀರಿದ ತಿಳಿವಳಿಕೆಯಿದೆ. ಸಾವಿನ ಸುದ್ದಿ ಹೇಳಿದಾಗ ಕಣ್ಣೀರು ಬರಲಿಲ್ಲ. ಘಟನೆಯ ಬಗ್ಗೆ ಹೇಳುವಾಗ ಬೇರೆ ಯಾರೋ ಓಡಿಸುತ್ತಿದ್ದರು ಎಂಬಂತೆ ಮಾತಾಡುತ್ತಾಳೆ, ಹೊಣೆ ಹೊರಲು ಸಿದ್ಧಳಿಲ್ಲ. ತನ್ನನ್ನು ತಾನೇ 'ನಿಲ್ಲಿಸು' ಎಂದು ಕೇಳಿಕೊಂಡೂ ನಿಲ್ಲಿಸಲಿಲ್ಲ, ಅಂದರೆ ತಿಳಿದೇ ಮಾಡಿದ್ದಾಳೆ. ಇತ್ತೀಚೆಗೆ ಅಳಲು ಶುರು ಮಾಡಿದ್ದಾಳೆ. ಯಾರೋ ಹೇಳಿಕೊಟ್ಟು ಅಳುತ್ತಿರುವಂತಿದೆ.

ಬೇರೆ ಯಾರೋ ಓಡಿಸುತ್ತಿದ್ದರು ಎಂಬಂತೆ! ಅಷ್ಟು ಹತ್ತಿರ ಬಂದಳಲ್ಲ, ಅಮ್ಮ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನನ್ನ ಮೇಲೆ ಎಡವಿ ಬೀಳುತ್ತಿದ್ದಳು. ಅಳದಿದ್ದರೆ ಕಲ್ಲು, ಅತ್ತರೆ ನಾಟಕ. ನೀನು ಕಲಿಸಿದ್ದೆಯಲ್ಲ, ಯಾರಾದರೂ ಕೇಳಿದರೆ ತಲೆಯೆತ್ತಿ ಸ್ಪಷ್ಟವಾಗಿ ಉತ್ತರ ಕೊಡು ಎಂದು. ಕೊಟ್ಟದ್ದಕ್ಕೆ ದೊಡ್ಡವಳಾಗಿಬಿಟ್ಟೆ. ಮೂಳೆಗೆ ಹದಿನಾರಂತೆ, ಬುದ್ಧಿಗೆ ಎಷ್ಟೋ.

ಸೆಪ್ಟೆಂಬರ್ ಮೊದಲ ವಾರ ಮಂಡಳಿ ತೀರ್ಮಾನ ಮಾಡುತ್ತದೆ. ಅದಕ್ಕೂ ಮುಂಚೆ ಅಣ್ಣ ಬರಲಿ. ನೀನು ಬಂದರೆ ಸಾಲದು. ಯಾಕೆ ಎಂದು ನಿನಗೂ ಗೊತ್ತು, ಅವನಿಗೂ ಗೊತ್ತು.

ಮಗಳು


ಆಗಸ್ಟ್ ೭

ಮಗಳೇ,

ಅಣ್ಣನಿಗೆ ಹುಷಾರಿಲ್ಲ. ಮಗುವಿಗೂ ನೆಗಡಿ. ಸ್ವಲ್ಪ ತಾಳು. ವಕೀಲರನ್ನು ಬದಲಾಯಿಸುವ ಯೋಚನೆಯಿದೆ. ದೊಡ್ಡ ಕೋರ್ಟಿನಲ್ಲೂ ಒಳ್ಳೆಯ ಜನ ಇರುತ್ತಾರೆ ಎಂದು ಪಕ್ಕದ ಮನೆಯವರು ಹೇಳಿದರು.

ನೀಲಿ ದಿಂಬಿನ ಗವಸು ಒಗೆದು ಇಟ್ಟಿದ್ದೇನೆ.

ಅಮ್ಮ


ಆಗಸ್ಟ್ ೧೯

ಅಮ್ಮ,

ಈ ಕಾಗದ ಇಬ್ಬರಿಗೆ. ಒಬ್ಬಳು ನೀನು. ಇನ್ನೊಬ್ಬರು ಮೊಹರು ಹಿಡಿದು ಕೂತಿರುವ ಮೇಲ್ವಿಚಾರಕಿ ಮೇಡಂ. ಮೇಡಂ, ದಯವಿಟ್ಟು ಗಮನವಿಟ್ಟು ಓದಿ. ಇಷ್ಟು ದಿನ ನಿಮಗೆ ಹೆದರಿ ಸುತ್ತಿ ಬಳಸಿ ಬರೆದೆ. ಇವತ್ತು ನೀವು ಓದಲೆಂದೇ ಬರೆಯುತ್ತಿದ್ದೇನೆ.

ನಾನು ವ್ಯಾನ್ ಓಡಿಸಲಿಲ್ಲ. ನನಗೆ ಯಾವ ಗಾಡಿಯೂ ಓಡಿಸಲು ಬರುವುದಿಲ್ಲ.

ಓಡಿಸಿದ್ದು ನನ್ನ ಅಣ್ಣ. ನಾನು ಪಕ್ಕದ ಸೀಟಿನಲ್ಲಿ ಬನ್ನಿನ ಟ್ರೇಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಮೊದಲ ಅಂಗಡಿಗೆ ತಡವಾಗಿತ್ತು. ತಿರುವಿನಲ್ಲಿ ಮಾಲಿಯ ಸೈಕಲ್ಲು ಬಂತು, ಅದರ ಹಿಂದೆ ಗಿಡಗಳ ಬುಟ್ಟಿ ಕಟ್ಟಿತ್ತು. ಗುದ್ದಿದ ಮೇಲೆ ನಾನು ನಿಲ್ಲಿಸು ಎಂದೆ. ಅವನು ನನ್ನನ್ನು ನೋಡಿದ, ಆಮೇಲೆ ವೇಗ ಹೆಚ್ಚಿಸಿದ. ನಾನು ಹಿಂತಿರುಗಿ ನೋಡಿದೆ. ಗಿಡಗಳೆಲ್ಲ ರಸ್ತೆಯ ಮೇಲೆ ಚೆಲ್ಲಿದ್ದವು, ಆ ಮನುಷ್ಯ ಮಲಗಿದ್ದಲ್ಲಿಂದಲೇ ಒಂದು ಕೈ ಎತ್ತಿದ. ನಮ್ಮನ್ನು ಕರೆಯುತ್ತಿದ್ದ. ಆ ಕೈ ನನಗೆ ದಿನವೂ ಕಾಣುತ್ತದೆ. ಅದನ್ನು ಸಲಹೆಗಾರ್ತಿಗೆ ಹೇಳುವಂತಿಲ್ಲ, ಯಾಕೆಂದರೆ ಓಡಿಸುವವರಿಗೆ ಹಿಂತಿರುಗಿ ನೋಡಲು ಆಗುವುದಿಲ್ಲವಲ್ಲ. ನನಗೆ ದುಃಖವಿಲ್ಲ ಎಂದು ಬರೆದಿದ್ದಾಳೆ. ನನ್ನ ದುಃಖವನ್ನು ತೋರಿಸಿದ್ದರೆ ನನ್ನ ಅಣ್ಣ ಸಿಕ್ಕಿಬೀಳುತ್ತಿದ್ದ.

ಮೇಡಂ, ನೀವು ನನ್ನ ಮಣಿಕಟ್ಟು ನೋಡಿದಿರಿ. ಹಲ್ಲು ನೋಡಿದಿರಿ. ಚುಕ್ಕಿ ಸೇರಿಸಿ ಚಿತ್ರ ಬರೆಯಲು ಹೇಳಿ ಬುದ್ಧಿ ನೋಡಿದಿರಿ. ರಟ್ಟಿನ ಮೇಲೆ ಮುಖ ಆರಿಸಲು ಹೇಳಿದಿರಿ. ಪೊಲೀಸರು, ಮಂಡಳಿಯ ಮೂವರು, ವಾರ್ಡನ್ನಮ್ಮ, ಸಲಹೆಗಾರ್ತಿ, ಇಷ್ಟು ಜನ ಸೇರಿ ನನ್ನನ್ನು ಒಳಗೂ ಹೊರಗೂ ತಡಕಿದಿರಿ. ನಿನಗೆ ಗಾಡಿ ಓಡಿಸಲು ಬರುತ್ತಾ ಎಂದು ಒಬ್ಬರಾದರೂ ಕೇಳಿದಿರಾ? ನಾನು ಉತ್ತರವನ್ನು ಬಾಯಿಪಾಠ ಮಾಡಿ ಕಾಯುತ್ತಿದ್ದೆ. ಕ್ಲಚ್ಚು, ಬ್ರೇಕು, ಗೋದಾಮಿನ ಬಯಲು, ಎಲ್ಲ. ಬೆನ್ನಿಗೆ ಇಟ್ಟುಕೊಂಡ ನೀಲಿ ದಿಂಬು ಕೂಡ. ಆ ದಿಂಬು ವ್ಯಾನಿನೊಳಗೆ ಯಾವತ್ತೂ ಹೋದದ್ದಲ್ಲ. ಸುಳ್ಳು ಹೇಳಲು ಕೂಡ ನೀವು ನನಗೆ ಅವಕಾಶ ಕೊಡಲಿಲ್ಲ. ಬಡವರ ಹುಡುಗಿ ನಾನು ಮಾಡಿದೆ ಎಂದರೆ ಮಾಡಿರುತ್ತಾಳೆ, ಮುಗಿಯಿತು.

ಅಮ್ಮ, ನಿನ್ನ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಗಂಡುಮಗ ಎಂದು ತಿಳಿದು ಭಾರ ಹೊರಿಸಿದ್ದೇನೆ ಎಂದೆ. ಗಂಡುಮಗ ನಿನ್ನ ಮನೆಯಲ್ಲೇ ಇದ್ದ. ಅವನಿಗೆ ಯಾಕೆ ಹೊರಿಸಲಿಲ್ಲ?

ಇದನ್ನು ಓದಿದ ಮೇಲೆ ಮೇಡಂ ನನ್ನನ್ನು ಕರೆಸುತ್ತಾರೆ. ಬಾಗಿಲ ಕಡೆ ನೋಡುತ್ತಾ ಕೂತಿರುತ್ತೇನೆ.

ನಾನು


ಆಗಸ್ಟ್ ೩೦

ಮಗಳೇ,

ನಿನ್ನನ್ನು ಯಾರೂ ಕರೆಸಿರುವುದಿಲ್ಲ. ನನಗೆ ಗೊತ್ತು.

ನಿನ್ನ ಕಾಗದ ಎಂದಿನ ಹಾಗೇ ಅಂಚೆಯಲ್ಲಿ ಬಂತು. 'ಓದಿ ಪರಿಶೀಲಿಸಲಾಗಿದೆ' ಎಂದು ನೇರಳೆ ಬಣ್ಣದ ಮೊಹರು, ಪಕ್ಕದಲ್ಲಿ ಸಹಿ. ಮೊಹರು ಎಲ್ಲಿ ಬಿದ್ದಿದೆ ಗೊತ್ತೇ? 'ನಾನು ವ್ಯಾನ್ ಓಡಿಸಲಿಲ್ಲ' ಎಂಬ ಸಾಲಿನ ಮೇಲೆ. ಅಕ್ಷರ ಅರ್ಧ ಮುಚ್ಚಿಹೋಗಿದೆ, ಬೆಳಕಿಗೆ ಹಿಡಿದು ಓದಿದೆ. ಆ ಹೆಂಗಸು ಓದಲೇ ಇಲ್ಲ, ಕಣೇ. ಇದೊಂದನ್ನಲ್ಲ, ಯಾವುದನ್ನೂ ಓದಿಲ್ಲ. ಅವರು ಓದುತ್ತಾರೆ ಎಂದು ಹೆದರಿ ನಾವು ತಾಯಿ ಮಗಳು ಇಷ್ಟು ತಿಂಗಳು ಬಾಯಿಗೆ ಬಟ್ಟೆ ತುರುಕಿಕೊಂಡು ಕೂತೆವು.

ಸಿಟ್ಟು ಬಂತು ನನಗೆ. ಮೊದಲು ಅವರ ಮೇಲೆ, ಆಮೇಲೆ ನನ್ನ ಮೇಲೆ. ಅವರು ಓದದೆ ಮೊಹರು ಒತ್ತಿದರು. ನಾನು ನಿನ್ನ ಎಲ್ಲ ಕಾಗದಗಳನ್ನೂ ಎರಡೆರಡು ಸಲ ಓದಿದೆ, ಓದಿ ಮಡಚಿ ಡಬ್ಬಿಗೆ ಹಾಕಿದೆ. ಅವರಿಗಿಂತ ನಾನೇನು ಹೆಚ್ಚು?

ರಾತ್ರಿ ಊಟದ ಹೊತ್ತಿಗೆ ಕಾಗದವನ್ನು ನಿನ್ನ ಅಣ್ಣನ ತಟ್ಟೆಯ ಪಕ್ಕದಲ್ಲಿ ಇಟ್ಟೆ. ಓದಿದ. ಮಗುವಿನ ಬಟ್ಟೆ ಮಡಚುತ್ತಾ ಕೂತ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದ. "ಈಗ ನಾನೇನ್ ಮಾಡ್ಬೇಕಂತೀಯಮ್ಮ?" ಎಂದ. ನನ್ನ ಬಾಯಿಂದ ಉತ್ತರ ಹೊರಡುವ ಮೊದಲೇ ನಿನ್ನ ಅತ್ತಿಗೆ ಕಾಗದ ಕಿತ್ತುಕೊಂಡಳು. ನಿಂತೇ ಓದಿದಳು. ಅವಳು ಕೂಗಾಡಲಿಲ್ಲ. ಮಗುವನ್ನು ಅವನ ಮಡಿಲಿನಿಂದ ಎತ್ತಿಕೊಂಡಳು. "ಇಷ್ಟು ದಿನ ಆ ಹುಡುಗೀನ ಬೈಕೊಂಡು ಅನ್ನ ತಿಂದೆ ನಾನು" ಎಂದಳು. "ನನ್ನ ಗಂಡನ ನೆಮ್ಮದಿ ಕೆಡಿಸಿದ್ಲು ಅಂತ."

ಅವನು ತಲೆ ಎತ್ತಲಿಲ್ಲ. ನನ್ನ ಮಗ ಅವನು, ನೋಡಿ ಕರುಳು ಹಿಂಡಿತು. ಆದರೆ ಕರುಳು ಹಿಂಡಿದಾಗಲೆಲ್ಲ ನಾನು ನಿನ್ನನ್ನೇ ಬಲಿ ಕೊಟ್ಟಿದ್ದೇನೆ. ಇನ್ನು ಸಾಕು.

ಬೆಳಗಾದ ಮೇಲೆ ಅವನು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ನಾನು ಅವನಿಗೆ ಕಾಯುವುದಿಲ್ಲ. ಮಂಡಳಿ ಕೂರುವ ದಿನ ನಿನ್ನ ಕಾಗದ ಹಿಡಿದುಕೊಂಡು ನಾನು ಬಾಗಿಲಲ್ಲಿ ನಿಲ್ಲುತ್ತೇನೆ. ಒಳಗೆ ಬಿಡದಿದ್ದರೆ ಹೊರಗಿನಿಂದಲೇ ಗಟ್ಟಿಯಾಗಿ ಓದುತ್ತೇನೆ. ಲಾಂಡ್ರಿಯ ಯಂತ್ರಗಳ ನಡುವೆ ಮಾತಾಡಿ ಬೆಳೆದ ಗಂಟಲು ಇದು, ಅವರಿಗೆ ಕೇಳಿಸುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ. ಅವನಿಗೆ ಯಾಕೆ ಹೊರಿಸಲಿಲ್ಲ ಎಂದರೆ, ಅವನು ಹೊರುವುದಿಲ್ಲ ಎಂದು ನನಗೆ ಗೊತ್ತಿತ್ತು. ನೀನು ಹೊರುತ್ತೀಯ ಎಂದೂ ಗೊತ್ತಿತ್ತು. ಬೇರೆ ಕಾರಣವಿಲ್ಲ.

ಅಮ್ಮ


ಅಕ್ಟೋಬರ್ ೯

ಅಣ್ಣ,

ನಿನ್ನ ಜೈಲಿನ ವಿಳಾಸವನ್ನು ಅಮ್ಮ ಕೊಟ್ಟಳು. ಅಲ್ಲಿಯೂ ಕಾಗದ ಓದಿ ಮೊಹರು ಒತ್ತುತ್ತಾರಂತೆ. ಓದಿದರೆ ಓದಲಿ.

ನೀನು ಆವತ್ತು ಮಂಡಳಿಗೆ ಬರಲಿಲ್ಲ. ಅಮ್ಮನೇ ಬಂದಳು. ಬಾಗಿಲಲ್ಲಿ ತಡೆದರು, ಅಲ್ಲೇ ನಿಂತು ಓದಲು ಶುರು ಮಾಡಿದಳು. ಮೂರನೆಯ ಸಾಲಿಗೆ ಒಳಗೆ ಕರೆದರು. ಓದಿ ಮುಗಿಸುವವರೆಗೂ ಅವಳು ಯಾರ ಮುಖವನ್ನೂ ನೋಡಲಿಲ್ಲ. ಮಂಡಳಿಯ ಅಧ್ಯಕ್ಷೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ಕೇಳಿದಳು, "ನಿನಗೆ ಗಾಡಿ ಓಡಿಸೋಕೆ ಬರುತ್ತಾ?"

ಅಣ್ಣ, ಅಷ್ಟೇ ಇದ್ದದ್ದು. ನಾಲ್ಕು ಪದ. ನನಗೆ ನಗು ಬಂತು. ಬರಲ್ಲ ಎಂದೆ.

ಪೊಲೀಸ್ ಠಾಣೆಯ ಹಿಂದಿನ ಅಂಗಳದಲ್ಲಿ ಆ ವ್ಯಾನ್ ಇನ್ನೂ ನಿಂತಿದೆ. ಟೈರು ಇಳಿದಿದೆ, ಒಳಗೆ ಬನ್ನಿನ ಚೂರುಗಳಿಗೆ ಇರುವೆ ಹತ್ತಿವೆ. ನನ್ನನ್ನು ನಿನ್ನ ಸೀಟಿನಲ್ಲಿ ಕೂರಿಸಿದರು. ನೀನು ಬಿಟ್ಟುಹೋದ ಹಾಗೇ ಇತ್ತು, ಯಾರೂ ಸರಿಸಿರಲಿಲ್ಲ. ನನ್ನ ಕಾಲು ಕ್ಲಚ್ಚು ಮುಟ್ಟಲಿಲ್ಲ, ತೊಟ್ಟಿಲ ಕೂಸಿನ ಹಾಗೆ ಗಾಳಿಯಲ್ಲಿ ನೇತಾಡಿತು. ಒಬ್ಬ ಪೊಲೀಸ್ ಅಳತೆ ಪಟ್ಟಿ ತಂದ. ಸಲಹೆಗಾರ್ತಿಯೂ ಬಂದಿದ್ದಳು, ದೂರ ನಿಂತು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಆವತ್ತು ಯಾವ ಮುಖ ಎಂದು ಕೇಳಲಿಲ್ಲ.

ಇದೆಲ್ಲ ಆದ ಮೇಲೆ ನನ್ನನ್ನು ಬಿಟ್ಟರು ಎಂದುಕೊಂಡೆಯಾ? ಇಲ್ಲೇ ಇದ್ದೇನೆ. ಸುಳ್ಳು ಹೇಳಿಕೆ ಕೊಟ್ಟು ಕಾನೂನನ್ನು ದಾರಿ ತಪ್ಪಿಸಿದೆನಂತೆ, ಅದರ ವಿಚಾರಣೆ ಮುಗಿಯಬೇಕಂತೆ. ಹೊಸ ವರದಿ ಬಂದಿದೆ, ಹುಡುಗಿ ಸರಾಗವಾಗಿ ಸುಳ್ಳು ಹೇಳುತ್ತಾಳೆ ಎಂದು. ಓದದೆ ಓದಿದೆ ಎಂದು ಮೊಹರು ಒತ್ತಿದವರದು ಸುಳ್ಳಲ್ಲ, ಅದು ಕೆಲಸದ ಒತ್ತಡ. ಅವರು ಇನ್ನೂ ಅದೇ ಕುರ್ಚಿಯಲ್ಲಿದ್ದಾರೆ. ಹೋದ ವಾರ ನನಗೆ ಪ್ರಾಮಾಣಿಕತೆಯ ಬಗ್ಗೆ ಪಾಠ ಮಾಡಿದರು.

ಅತ್ತಿಗೆ ನೋಡಲು ಬಂದಿದ್ದಳು, ಮಗುವನ್ನು ಎತ್ತಿಕೊಂಡು. ಮೂಗು ನನ್ನದೇ. ನಿನ್ನ ಬಗ್ಗೆ ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಗು ನನ್ನ ಬೆರಳು ಹಿಡಿದುಕೊಂಡು ಬಿಡಲಿಲ್ಲ. ಚಿಕ್ಕವಳಿದ್ದಾಗ ನೀನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬ್ರೆಡ್ಡಿನ ವಾಸನೆಯ ಬೀದಿಯಲ್ಲಿ ತಿರುಗುತ್ತಿದ್ದದ್ದು ನೆನಪಾಯಿತು, ಅದಕ್ಕೂ ಸಿಟ್ಟು ಬಂತು. ನೀನು ಕೆಟ್ಟವನೇ ಆಗಿದ್ದರೆ ನನಗೆ ಎಷ್ಟೋ ಸುಲಭವಿತ್ತು.

ನಿಲ್ಲಿಸು ಎಂದು ಯಾರಿಗೆ ಹೇಳಿದೆ ಎಂದು ಸಲಹೆಗಾರ್ತಿ ಕೇಳಿದ್ದಳು. ಅವಳಿಗೆ ಕೊಡದ ಉತ್ತರವನ್ನು ನಿನಗೆ ಕೊಡುತ್ತೇನೆ. ನಿನಗೆ. ನಿನಗೆ ಕೇಳಿಸಿತ್ತು. ನನ್ನ ಕಡೆ ತಿರುಗಿ ನೋಡಿದೆ, ಆಮೇಲೆ ಕಾಲು ಒತ್ತಿದೆ. ಆ ಮನುಷ್ಯ ಕೈ ಎತ್ತಿದ್ದನ್ನು ಕನ್ನಡಿಯಲ್ಲಿ ನೀನೂ ನೋಡಿದೆಯಾ? ನನಗೆ ಅದೊಂದು ಗೊತ್ತಾಗಬೇಕು.

ಉತ್ತರ ಬರೆ. ಅಮ್ಮನ ಕೈಯಲ್ಲಿ ಬರೆಸಬೇಡ.

ನಿನ್ನ ತಂಗಿ